ಹಲ್ಲು ಕಚ್ಚಿ ಕೇಳಿದ್ದು

ಮೇಸ್ತ್ರಿಯ ಮನೆಗೆ ಹೋದವರಿಗೆ ಅವನ ಹೆಂಡತಿ ಇವತ್ತಿಗೂ ಒಂದು ಸ್ಕ್ರೂಡ್ರೈವರ್ ತೆಗೆದು ತೋರಿಸುತ್ತಾಳೆ. ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ದಾರದ ಉಂಡೆಗಳ ನಡುವೆ ಅದರ ಜಾಗ. ಒಂದು ಗೇಣು ಉದ್ದದ ಕಬ್ಬಿಣ, ಮರದ ಹಿಡಿ. ಹಿಡಿಯ ತುದಿಯಲ್ಲಿ ಇಲಿ ಕಡಿದಂಥ ಗುರುತುಗಳು. ಇಲಿ ಕಡಿದದ್ದಲ್ಲ, ಗಂಡ ಕಡಿದದ್ದು. ಹಾಗೆ ಕಡಿದುಕೊಂಡೇ ಅವನು ಒಂದು ರೇಸ್ ಗೆಲ್ಲಿಸಿಕೊಟ್ಟ. ಗೆದ್ದ ಕಪ್ ಮಾತ್ರ ಈ ಮನೆಯಲ್ಲಿಲ್ಲ. ಅದು ಗುಜರಿ ಅಂಗಡಿಯ ಆಫೀಸಿನಲ್ಲಿ, ಗಾಜಿನ ಬೀರುವಿನೊಳಗೆ ಇದೆ. ಮೇಸ್ತ್ರಿ ಅದನ್ನು ಮುಟ್ಟಿದ್ದು ಒಂದೇ ಸಲ.

ಅವನಿಗೆ ಕೆಲಸ ಕಲಿಸಿದವನು ಸೋದರಮಾವ. ಹಿಟ್ಟಿನ ಗಿರಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದ ಮನುಷ್ಯ, ಮಾತಿಗಿಂತ ಕೈ ಮುಂದು. ಯಾವ ಇಂಜಿನ್ನನ್ನೂ ಸುಮ್ಮನೆ ಬಿಚ್ಚುತ್ತಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿನ ಮೈಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ಬಿಚ್ಚಿ ನೋಡೋನು ಕಟುಕ, ಕೇಳಿ ನೋಡೋನು ಮೇಸ್ತ್ರಿ" ಅನ್ನುವುದು ಅವನ ಒಂದೇ ಪಾಠ. ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳುವ ದಪ್ಪ ಮುಚ್ಚಳಗಳನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. "ಕಿವಿ ಮುಚ್ಕೊಂಡು ಇಂಜಿನ್ ಹತ್ರ ಹೋಗೋದೂ ಒಂದೇ, ಮೂಗು ಮುಚ್ಕೊಂಡು ಅಡುಗೆ ಮಾಡೋದೂ ಒಂದೇ" ಅನ್ನುತ್ತಿದ್ದ. ಸೋದರಳಿಯ ಆ ಮಾತನ್ನು ಕಿವಿಗೆ ಹಾಕಿಕೊಂಡ, ಮುಚ್ಚಳವನ್ನು ಮಾತ್ರ ಜನ್ಮದಲ್ಲಿ ಹಾಕಿಕೊಳ್ಳಲಿಲ್ಲ. ಗುರುಭಕ್ತಿ ಅಂದರೆ ಇದೇ ಇರಬೇಕು. ಅದರ ಬೆಲೆ ಎರಡು ಕಿವಿ.

ಮೂವತ್ತು ದಾಟುವ ಹೊತ್ತಿಗೆ ಅವನ ಹೆಸರು ಗಿರಣಿಗಳನ್ನು ಬಿಟ್ಟು ಆಚೆಗೂ ಹೋಗಿತ್ತು. ಬೀದಿಯ ತುದಿಯಲ್ಲಿ ಲಾರಿ ತಿರುಗಿದರೆ, ಮನೆಯಲ್ಲಿ ಊಟ ಮಾಡುತ್ತಾ ಕೂತೇ "ಮೂರನೇ ಸಿಲಿಂಡರ್ ಕೆಮ್ತಾ ಇದೆ" ಅನ್ನುತ್ತಿದ್ದ. ಆ ಹೆಸರು ಕೇಳಿಯೇ ದೊಡ್ಡಬಾಯಿ ಅವನನ್ನು ಹುಡುಕಿಕೊಂಡು ಬಂದದ್ದು.

ದೊಡ್ಡಬಾಯಿ ಗುಜರಿ ವ್ಯಾಪಾರಿ. ಎದುರಿಗೆ ಎಲ್ಲರೂ ಯಜಮಾನ್ರೇ ಅನ್ನುತ್ತಿದ್ದರು, ಹಿಂದಿನಿಂದ ದೊಡ್ಡಬಾಯಿ. ಮೇಸ್ತ್ರಿ ಮಾತ್ರ ಮೊದಲ ದಿನದಿಂದಲೂ ಅಣ್ಣ ಅಂದ. ಹಳೇ ಕಬ್ಬಿಣದ ರಾಶಿಯ ಹಿಂದೆ ಒಂದು ತಗಡಿನ ಶೆಡ್, ಶೆಡ್ಡಿನಲ್ಲಿ ಒಂದು ರೇಸ್ ಕಾರು, ಕಾರಿಗೆ ನಾಲ್ಕು ಜನ. ಕಂಪನಿಗಳ ಟೀಮುಗಳು ಲಾರಿಗಟ್ಟಲೆ ಸಾಮಾನು ತಂದು ಇಳಿಸುವ ಕಡೆ ಇವರು ಒಂದು ಹಳೇ ವ್ಯಾನಿನಲ್ಲಿ ಬಂದು ಇಳಿಯುತ್ತಿದ್ದರು. ಎಲ್ಲರೂ ಗುಜರಿ ಟೀಮು ಎಂದು ನಗುತ್ತಿದ್ದರು. ದೊಡ್ಡಬಾಯಿ ನಗುವವರನ್ನು ಬಿಡುತ್ತಿರಲಿಲ್ಲ. ರೇಸ್ ಕಮಿಟಿಯವರು ಕಂಪನಿಗಳ ಜೇಬಿನಲ್ಲಿದ್ದಾರೆ ಎಂದು ಮೈಕಿನಲ್ಲೇ ಹೇಳಿದ. ಗೆದ್ದವನ ಕೈ ಕುಲುಕುತ್ತಾ "ಕಾರು ಚೆನ್ನಾಗಿತ್ತು, ಓಡಿಸೋನೊಬ್ಬ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂದ. ಎರಡು ಸಲ ಅವನನ್ನು ಹೊರಗೆ ಹಾಕಿ, ಮತ್ತೆ ಒಳಗೆ ಸೇರಿಸಿಕೊಂಡರು. "ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ. ಒದೀಲಿ ಬಿಡು ಮೇಸ್ತ್ರಿ, ನನ್ನ ಬಾಯಲ್ಲಿ ಸುಳ್ಳು ಬರಲ್ಲ" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಮೇಸ್ತ್ರಿಗೆ ಆ ಬಾಯಿಯ ಮೇಲೆ ಪ್ರೀತಿ ಇತ್ತು. ತಾನು ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ. ತನ್ನ ಪಾಲಿನದನ್ನೂ ಅಣ್ಣನೇ ಆಡುತ್ತಾನೆ ಅಂದುಕೊಂಡಿದ್ದ.

ಕಿವಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಸಣ್ಣ ಸದ್ದುಗಳು ಹೋದವು: ನಲ್ಲಿ ತೊಟ್ಟಿಕ್ಕುವುದು, ಹೆಂಡತಿಯ ಕತ್ತರಿ ಬಟ್ಟೆಯ ಮೇಲೆ ಓಡುವುದು. ಆಮೇಲೆ ಹೆಂಗಸರ ದನಿ, ಆಮೇಲೆ ಬಾಗಿಲು ಬಡಿಯುವುದು. ಹೆಂಡತಿ ಶಾಲಾ ಯೂನಿಫಾರ್ಮ್ ಹೊಲಿಯುವವಳು. ಮೊದಮೊದಲು ಇವನು ಬೇಕೆಂದೇ ಉತ್ತರ ಕೊಡುತ್ತಿಲ್ಲ ಎಂದು ಮುನಿಸಿಕೊಂಡಳು. ಒಂದು ಬೆಳಿಗ್ಗೆ ಅನುಮಾನ ಬಂದು, ಅವನ ಬೆನ್ನ ಹಿಂದೆ ನಿಂತು, "ಮನೆಗೆ ಬೆಂಕಿ ಬಿದ್ದಿದೆ" ಅಂದಳು. ಅವನು ಷೂ ಒರೆಸುತ್ತಲೇ ಇದ್ದ. ಅವಳು ಅಲ್ಲೇ ನೆಲಕ್ಕೆ ಕೂತು ಅತ್ತಳು. ಅದೂ ಅವನಿಗೆ ಕೇಳಿಸಲಿಲ್ಲ.

ಅಂದಿನಿಂದ ಅವಳು ಅವನಿಗೆ ತುಟಿ ಓದುವುದು ಕಲಿಸಿದಳು. ಹೊಲಿಯುವಾಗ ಅವಳ ಬಾಯಲ್ಲಿ ಗುಂಡುಪಿನ್ನುಗಳು. ಮಾತಾಡಬೇಕಾದರೆ ಅವನ್ನು ಒಂದೊಂದಾಗಿ ತೆಗೆದು, ಮುಖಕ್ಕೆ ಮುಖ ಕೊಟ್ಟು, ದನಿಯೇ ಇಲ್ಲದೆ ತುಟಿ ಆಡಿಸುತ್ತಿದ್ದಳು. ಮನೆಯಿಂದ ಒಂದು ಮಾತೂ ಹೊರಬರದ್ದು ನೋಡಿ, ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಂದು ನೆರೆಮನೆಯವರು ರಾಜಿ ಮಾಡಿಸಲು ಬಂದಿದ್ದರು. ನಿಜಕ್ಕೂ ಆ ಇಬ್ಬರೂ ಅಷ್ಟು ಮಾತಾಡಿದ್ದು ಜೀವನದಲ್ಲಿ ಆಗಲೇ.

ಕೆಲಸ ಹೋಯಿತು ಅಂದುಕೊಂಡಿದ್ದ ದಿನಗಳಲ್ಲೇ ಇನ್ನೊಂದು ಆಯಿತು. ಎರಡೂ ಕೈಗೆ ಕೆಲಸವಿದ್ದು, ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಓಡುತ್ತಿದ್ದ ಇಂಜಿನ್ನಿನ ಮೇಲೆ ಬಗ್ಗಿದ್ದ. ಕಬ್ಬಿಣದ ತುದಿ ಇಂಜಿನ್ನಿಗೆ ತಾಗಿತು. ತಲೆಬುರುಡೆಯ ಒಳಗೆಲ್ಲ ಸದ್ದು ತುಂಬಿಕೊಂಡಿತು. ಒಂದೊಂದು ವಾಲ್ವೂ, ಒಂದೊಂದು ಬೇರಿಂಗೂ ಬಿಡಿಬಿಡಿಯಾಗಿ. ಅವನು ಹಾಗೇ ಕಚ್ಚಿಕೊಂಡು ಎಷ್ಟು ಹೊತ್ತು ನಿಂತಿದ್ದನೋ. ಹಲ್ಲು ಕಚ್ಚಿಕೊಂಡು ಕೆಲಸ ಮಾಡು ಎಂದು ಹಿರಿಯರು ಹೇಳುತ್ತಾರಲ್ಲ, ಆ ಮಾತನ್ನು ಅಕ್ಷರಕ್ಕೆ ಅಕ್ಷರ ನಡೆಸಿದವನು ಇವನೊಬ್ಬನೇ ಇರಬೇಕು.

ಆದರೆ ಇಂಜಿನ್ ಕೇಳಿಸಿದರೆ ಸಾಲದು. ಓಟದ ನಡುವೆ ಕಾರು ಬಂದು ನಿಲ್ಲುವ ಪಿಟ್ಟಿನಲ್ಲಿ, ಯಾವುದೇ ಕಾರು ಒಳಗೆ ನುಗ್ಗುವ ಮುಂಚೆ ಹಾರ್ನ್ ಊದುತ್ತಾರೆ. ಅದು ಕೇಳದವನಿಗೆ ಅಲ್ಲಿ ಜಾಗವಿಲ್ಲ, ಅವನ ಜೀವಕ್ಕೂ ಅಪಾಯ, ಓಡಿಸುವವರ ಜೀವಕ್ಕೂ ಅಪಾಯ. ನಿಯಮ ಸರಿಯಾದದ್ದೇ. ಒಂದು ಅಭ್ಯಾಸದ ದಿನ ಹಾರ್ನ್ ಕೇಳದೆ ಮೇಸ್ತ್ರಿ ನಿಂತೇ ಇದ್ದಾಗ, ದೊಡ್ಡಬಾಯಿ ಓಡಿ ಬಂದು ಅಂಗಿಯ ಕಾಲರ್ ಹಿಡಿದು ಎಳೆದ. ಕಾರು ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ಹೋಯಿತು. ಶೆಡ್ಡಿಗೆ ಬಂದ ಮೇಲೆ ಮೇಸ್ತ್ರಿ ಬಾಗಿಲು ಮುಂದಕ್ಕೆ ಮಾಡಿ ಎಲ್ಲ ಹೇಳಿಬಿಟ್ಟ. ಪಿಟ್ಟಿಗೆ ಬಿಡಲು ಕಮಿಟಿಯವರು ಕೊಟ್ಟಿದ್ದ ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟ.

ದೊಡ್ಡಬಾಯಿ ಬ್ಯಾಡ್ಜನ್ನು ಎತ್ತಿ ತಾನೇ ಅವನ ಜೇಬಿಗೆ ಸಿಕ್ಕಿಸಿದ. ಅವನ ಗಲ್ಲ ಹಿಡಿದು, ಮುಖ ತನ್ನ ಕಡೆ ತಿರುಗಿಸಿಕೊಂಡು, ನಿಧಾನವಾಗಿ ಹೇಳಿದ: "ನಿನ್ನ ಕಿವಿ ಹೋದ್ರೆ ಹೋಗ್ಲಿ, ನನ್ನ ಕಿವಿ ಇದೆ. ಈ ವಿಷಯ ನನ್ನ ಬಾಯಿಂದ ಆಚೆ ಬರಲ್ಲ."

ಆ ಬಾಯಿಯಿಂದ ಏನೇನು ಆಚೆ ಬಂದಿದೆ ಎಂದು ಲೋಕಕ್ಕೆಲ್ಲ ಗೊತ್ತಿತ್ತು. ಮೇಸ್ತ್ರಿ ಆದರೂ ನಂಬಿದ. ಅಲ್ಲಿಂದ ಮುಂದೆ ಟೈರ್ ಬದಲಿಸುವವನು ಇವನ ಬೆನ್ನಿಗೆ ಎರಡು ಸಲ ತಟ್ಟಿದರೆ ಕಾರು ಬಂತು ಎಂದರ್ಥ. ಯಾಕೆ ತಟ್ಟಬೇಕೆಂದು ಅವನು ಕೇಳಲಿಲ್ಲ, ಯಜಮಾನರ ಅಪ್ಪಣೆ. ವರ್ಷಕ್ಕೊಮ್ಮೆ ಕಮಿಟಿಯ ಫಾರಂ ಬರುತ್ತಿತ್ತು. ಅದರಲ್ಲಿ ಒಂದು ಸಾಲು: ಈತನ ದೃಷ್ಟಿ, ಶ್ರವಣ ಸರಿಯಾಗಿವೆ. ಕೆಳಗೆ ಯಜಮಾನನ ಸಹಿ. ಸುಳ್ಳು ಬಾಯಿಗೆ ಬಾರದವನು ಐದು ವರ್ಷ ಕೈಯಲ್ಲಿ ಸುಳ್ಳು ಬರೆದ. ಅದನ್ನು ಮೇಸ್ತ್ರಿ ಪ್ರೀತಿ ಎಂದೇ ಲೆಕ್ಕ ಹಿಡಿದ. ಇರಲೂಬಹುದು.

ಆ ವರ್ಷದ ದೊಡ್ಡ ಓಟ ಆರು ಗಂಟೆಯದ್ದು. ಓಡಿಸುತ್ತಿದ್ದವಳು ಒಬ್ಬ ಲಾರಿ ಡ್ರೈವರನ ಮಗಳು. ಮಾತು ಕಡಿಮೆ, ಬ್ರೇಕು ಅದಕ್ಕಿಂತ ಕಡಿಮೆ. ಏಳು ವರ್ಷದಿಂದ ಓಡಿಸುತ್ತಿದ್ದಳು, ಒಂದು ಕಪ್ಪನ್ನೂ ಕಂಡಿರಲಿಲ್ಲ. ಐದನೇ ಗಂಟೆಯ ಕೊನೆಗೆ ಗುಜರಿ ಟೀಮು ಎರಡನೇ ಜಾಗದಲ್ಲಿತ್ತು. ಪೆಟ್ರೋಲಿಗೆಂದು ಕಡೆಯ ಸಲ ಪಿಟ್ಟಿಗೆ ಬಂದಾಗ ಕಾರಿನೊಳಗೆ ಕೆಂಪು ದೀಪ ಉರಿಯುತ್ತಿತ್ತು. ನೀರು ಕುದಿಯುತ್ತಿದೆ, ಇಂಜಿನ್ ನಿಲ್ಲಿಸಿ ಎಂದು ಅದರ ಅರ್ಥ. ನಿಲ್ಲಿಸಿ ಬಿಚ್ಚಿದರೆ ಅರ್ಧ ಗಂಟೆ. ಅಲ್ಲಿಗೆ ಓಟ ಮುಗಿದ ಹಾಗೆ. ನಿಲ್ಲಿಸದೆ ಹೋಗಿ ದೀಪ ನಿಜವಾದರೆ ಇಂಜಿನ್ ಸುಟ್ಟು ನಡುದಾರಿಯಲ್ಲಿ ಕೂರುತ್ತದೆ. ದೊಡ್ಡಬಾಯಿ ಆಗಲೇ ದೀಪವನ್ನೂ, ದೀಪ ಮಾಡಿದವನನ್ನೂ, ಅವನ ವಂಶವನ್ನೂ ಬೈಯಲು ಶುರು ಮಾಡಿದ್ದ.

ಮೇಸ್ತ್ರಿ ಬಾನೆಟ್ಟಿನೊಳಗೆ ಬಗ್ಗಿದ. ಸ್ಕ್ರೂಡ್ರೈವರಿನ ತುದಿಯನ್ನು ನೀರಿನ ಪಂಪಿನ ಮೈಗಿಟ್ಟು ಹಿಡಿಯನ್ನು ಕಚ್ಚಿದ. ನೀರು ಕುದಿಯುತ್ತಿದ್ದರೆ ಗುಳ್ಳೆಗಳು ಒಡೆಯುವ ಪಟಪಟ ಇರಬೇಕು. ಇರಲಿಲ್ಲ. ಪಂಪು ನುಣ್ಣಗೆ ತಿರುಗುತ್ತಿತ್ತು, ನೀರು ಒಂದೇ ಸಮನೆ ಹರಿಯುತ್ತಿತ್ತು. ಬಾಯಿಂದ ಹಿಡಿ ತೆಗೆದು ಹೇಳಿದ, "ದೀಪ ಸುಳ್ಳು ಹೇಳ್ತಿದೆ. ವೈರು ಎಲ್ಲೋ ಸವೆದಿದೆ, ಅಷ್ಟೇ. ನೀರು ಸರಿಯಾಗಿದೆ. ಹೋಗಮ್ಮ."

ದೊಡ್ಡಬಾಯಿ ಅವನ ಮುಖ ನೋಡಿದ. ಆಮೇಲೆ ಕಾರಿನ ಮೇಲೆ ಕೈ ಬಡಿದ. ಅವಳು ಹೋದಳು. ಉಳಿದ ಒಂದು ಗಂಟೆಯೂ ದೀಪ ಉರಿಯುತ್ತಲೇ ಇತ್ತು, ಇಂಜಿನ್ ಓಡುತ್ತಲೇ ಇತ್ತು. ಮುಂದಿದ್ದ ಕಂಪನಿಯ ಕಾರಿನಲ್ಲಿ ಕೊನೆಗೆ ಇಂಥದೇ ಒಂದು ದೀಪ ಹೊತ್ತಿಕೊಂಡಿತು. ಅವರ ಬಳಿ ಕಚ್ಚಿ ಕೇಳುವವನಿರಲಿಲ್ಲ, ನಿಲ್ಲಿಸಿ ಬಿಚ್ಚಿದರು. ಗುಜರಿ ಟೀಮು ಗೆದ್ದಿತು.

ವೇದಿಕೆಯ ಮೇಲೆ ನಾಲ್ಕೂ ಜನರನ್ನು ನಿಲ್ಲಿಸಿದರು. ಕಪ್ ಕೈಯಿಂದ ಕೈಗೆ ಬಂದು, ಮೇಸ್ತ್ರಿಯ ಕೈಯಲ್ಲೂ ಒಂದು ನಿಮಿಷ ಇತ್ತು. ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಹಗುರ. ದೊಡ್ಡಬಾಯಿ ಮೈಕು ಹಿಡಿದ. ಅವನು ಮೈಕನ್ನು ನುಂಗುವ ಹಾಗೆ ಬಾಯಿಗೆ ಒತ್ತಿಕೊಂಡು ಮಾತಾಡುವವನು. ತುಟಿಗಳು ಅದರ ಹಿಂದೆ ಮರೆಯಾದವು. ಮೇಸ್ತ್ರಿಗೆ ಕಂಡದ್ದು ಅವನ ಹುಬ್ಬು, ಕತ್ತಿನ ನರ, ಆಡುವ ಕೈ. ಅಣ್ಣ ಯಾರನ್ನೋ ಬೈಯುತ್ತಿದ್ದಾನೆ ಅಂದುಕೊಂಡ. ಆಮೇಲೆ ಆ ಕೈ ತನ್ನ ಕಡೆ ತಿರುಗಿತು. ಜನರೆಲ್ಲ ಎದ್ದು ನಿಂತರು, ಚಪ್ಪಾಳೆ ಹೊಡೆದರು. ಇವನೂ ಹೊಡೆದ. ಹಲ್ಲೆಲ್ಲ ಕಾಣುವ ಹಾಗೆ ನಕ್ಕು, ಅಂಗೈ ಕೆಂಪಾಗುವಷ್ಟು ಹೊಡೆದ. ಮೊದಲ ಸಾಲಿನಲ್ಲಿ ಹೆಂಡತಿ ಒಬ್ಬಳೇ ಕೂತಿದ್ದಳು, ಬಾಯಿಗೆ ಸೆರಗು ಒತ್ತಿಕೊಂಡು. ಖುಷಿಗೆ ಅಳುತ್ತಿದ್ದಾಳೆ ಅಂದುಕೊಂಡ.

ಅವಳು ಹೇಳಿದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಅಲ್ಲಿಯವರೆಗೆ ಅವನು ಮೂರು ಸಲ ಕೇಳಿದ್ದ, "ಅಣ್ಣ ಏನಂದ್ರು, ನನ್ನ ಬಗ್ಗೆ ಏನೋ ಅಂದ್ರಲ್ಲ?" ಅವಳು ಸೀಟಿನಲ್ಲಿ ಅವನ ಕಡೆ ತಿರುಗಿ ಕೂತು, ದನಿಯಿಲ್ಲದೆ, ಒಂದೊಂದೇ ಪದ ಬಿಡಿಸಿ ಹೇಳಿದಳು.

"ನಿಮ್ಮ ಹತ್ರ ಕಂಪ್ಯೂಟರ್ ಇದೆ, ಇಂಜಿನಿಯರ್ ಇದಾರೆ. ನನ್ನ ಹತ್ರ ಇರೋದು ಒಬ್ಬ ಕಿವುಡ. ಐದು ವರ್ಷದಿಂದ ಅವನಿಗೆ ಹಾರ್ನೂ ಕೇಳಲ್ಲ. ಹಲ್ಲಲ್ಲಿ ಕಚ್ಚಿ ಇಂಜಿನ್ ಕೇಳ್ತಾನೆ. ಒಬ್ಬ ಕಿವುಡನ ಮುಂದೆ ನೀವೆಲ್ಲ ಸೋತಿದೀರ, ನಾಚಿಕೆ ಪಡ್ರಿ. ಹಂಗಂದ್ರು."

ಮೇಸ್ತ್ರಿ ಕೇಳಿದ, "ಹೊಗಳಿದ್ರಾ, ಬೈದ್ರಾ?"

"ಹೊಗಳಿದ್ದೇ" ಅಂದಳು ಅವಳು. "ಅದಕ್ಕೇ ಎಲ್ರೂ ಎದ್ದು ನಿಂತಿದ್ದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಂಪನಿಯವರು ಮರುದಿನವೇ ದೂರು ಕೊಟ್ಟರು, ಎಂಟನೇ ದಿನಕ್ಕೆ ವಿಚಾರಣೆ. ಆ ಎಂಟು ದಿನ ದೊಡ್ಡಬಾಯಿ ಮನೆಗೆ ಬರಲಿಲ್ಲ, ಫೋನೂ ಮಾಡಲಿಲ್ಲ. ಕಿವುಡನಿಗೆ ಫೋನ್ ಯಾಕೆ ಅಂದುಕೊಂಡನೋ ಏನೋ. ಮೇಸ್ತ್ರಿ ಮಾತ್ರ ದಿನಾ ಬಾಗಿಲ ಕಡೆ ಮುಖ ಮಾಡಿಕೊಂಡೇ ಕೂತ. ಹೆಂಡತಿಗೆ ಹೇಳುತ್ತಿದ್ದ, "ಬ್ಯಾಡ್ಜ್ ಹೋಗುತ್ತೆ, ಅದು ಗೊತ್ತು. ಹೋಗ್ಲಿ ಬಿಡು. ಆದ್ರೆ ಅಣ್ಣ ಅಲ್ಲಿ ಬಂದು ಇದ್ದದ್ದು ಇದ್ದ ಹಾಗೆ ಹೇಳ್ತಾರೆ. ನನಗೆ ಗೊತ್ತಿತ್ತು, ನಾನೇ ಇಟ್ಕೊಂಡೆ ಅಂತಾರೆ ನೋಡು." ಅವಳು ಗುಂಡುಪಿನ್ನುಗಳನ್ನು ಬಾಯಿಂದ ತೆಗೆಯಲೇ ಇಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಆಚೆ ಬದಿಗೆ ಕಮಿಟಿಯ ಮೂವರು, ಈಚೆ ಬದಿಗೆ ಇವರು ನಾಲ್ವರು. ಡ್ರೈವರನ ಮಗಳು ಕೈ ಕಟ್ಟಿಕೊಂಡು ತಲೆ ತಗ್ಗಿಸಿ ಕೂತಿದ್ದಳು. ಅಧ್ಯಕ್ಷರು ನಿಯಮ ಓದಿದರು. ಹೆಂಡತಿ ಅದನ್ನು ಕಾಗದದಲ್ಲಿ ಮೊದಲೇ ಬರೆದುಕೊಟ್ಟಿದ್ದಳು. ಗೊತ್ತಿದ್ದೂ ಯಜಮಾನ ಸಹಿ ಹಾಕಿದ್ದರೆ ಕಪ್ ವಾಪಸು. ಕೆಲಸದವನೇ ಮುಚ್ಚಿಟ್ಟಿದ್ದರೆ ಕಪ್ ಉಳಿಯುತ್ತದೆ, ಅವನಿಗೆ ಯಾವ ಪಿಟ್ಟಿಗೂ ಕಾಲಿಡದ ಹಾಗೆ ಜನ್ಮಪೂರ್ತಿ ನಿಷೇಧ.

ಅಧ್ಯಕ್ಷರು ದೊಡ್ಡಬಾಯಿಯನ್ನು ಕೇಳಿದರು, "ಸಹಿ ಹಾಕುವಾಗ ನಿಮಗೆ ಗೊತ್ತಿತ್ತಾ?"

ಅಲ್ಲಿ ಮೈಕು ಇರಲಿಲ್ಲ. ಬಾಯಿಗೆ ಅಡ್ಡ ಏನೂ ಇರಲಿಲ್ಲ. ಕಿಟಕಿಯ ಬೆಳಕು ನೇರ ಅವನ ಮುಖದ ಮೇಲಿತ್ತು. ಹದಿನಾಲ್ಕು ವರ್ಷ ನೋಡಿದ ಆ ತುಟಿಗಳನ್ನು ಮೇಸ್ತ್ರಿ ಒಂದು ಅಕ್ಷರ ಬಿಡದೆ ಓದಿದ.

"ಇಲ್ಲ. ಓಟ ಮುಗಿದ ಮೇಲೆ, ಕಪ್ ತಗೊಳ್ಳೋ ಮುಂಚೆ ಅವನೇ ಬಂದು ಹೇಳಿದ. ಐದು ವರ್ಷದಿಂದ ಅಂತ. ಅಲ್ಲೀವರೆಗೂ ನನಗೆ ಗೊತ್ತಿರಲಿಲ್ಲ."

ಮೇಸ್ತ್ರಿಗೆ ಸಿಟ್ಟು ಬಂತು. ಸುಳ್ಳು ಹೇಳಿದ್ದಕ್ಕಲ್ಲ. ಕಪ್ ಉಳಿಯಬೇಕು, ಆ ಹುಡುಗಿಯ ಏಳು ವರ್ಷ ಉಳಿಯಬೇಕು, ಅದು ಅವನಿಗೂ ಬೇಕಿತ್ತು. ಎಂಟು ದಿನದಲ್ಲಿ ಒಂದು ಸಂಜೆ ಮನೆಗೆ ಬಂದು, "ಮೇಸ್ತ್ರಿ, ಹಿಂಗೆ ಹೇಳ್ಬೇಕಾಗಿದೆ ಕಣಯ್ಯ" ಅಂದಿದ್ದರೆ ಇವನೇ ಮೊದಲು ಎದ್ದು ನಿಂತು, ನಾನೇ ಮುಚ್ಚಿಟ್ಟೆ ಅನ್ನುತ್ತಿದ್ದ. ಕೇಳಲಿಲ್ಲ. ಕೇಳಬೇಕು ಅಂತಲೂ ಅಣ್ಣನಿಗೆ ಅನ್ನಿಸಲಿಲ್ಲ. ಅದನ್ನು ಮೇಸ್ತ್ರಿಗೆ ಸಹಿಸಲಾಗಲಿಲ್ಲ.

ಮೇಸ್ತ್ರಿ ಮೇಜಿನ ಮೇಲೆ ಅಂಗೈ ಊರಿ ಮುಂದಕ್ಕೆ ಬಾಗಿದ. "ಸಾರ್" ಅಂದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅಣ್ಣನನ್ನು ಸಾರ್ ಅಂದದ್ದು. "ನನಗೆ ಕೇಳಿಸ್ಲಿಲ್ಲ ಸಾರ್. ಇನ್ನೊಂದ್ಸಲ ಹೇಳ್ತೀರಾ, ಸ್ವಲ್ಪ ಜೋರಾಗಿ."

ದೊಡ್ಡಬಾಯಿ ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು, ಹೇಳಿ, ಪಾಪ ಅವರಿಗೆ ಕೇಳಲ್ಲ ಅಂತ ಸನ್ನೆ ಮಾಡಿದರು.

"ನನಗೆ ಗೊತ್ತಿರಲಿಲ್ಲ" ಅಂದ ದೊಡ್ಡಬಾಯಿ.

"ಇನ್ನೂ ಸ್ವಲ್ಪ ಜೋರಾಗಿ ಸಾರ್."

ಊರಿಗೆಲ್ಲ ಕೇಳುವ ಗಂಟಲು ಅದು. ಆವತ್ತು ಅದಕ್ಕೂ ತಿಣುಕಬೇಕಾಯಿತು. ಅವನು ಎರಡೂ ಕೈಯನ್ನು ಮೇಜಿಗೆ ಕೊಟ್ಟು, ಕತ್ತಿನ ನರ ಉಬ್ಬಿಸಿ ಅದೇ ಮಾತು ಕೂಗಿದ. ಬಾಗಿಲಾಚೆ ಇದ್ದವರು ಇಣುಕಿ ನೋಡಿದರು. ಆ ಕೂಗು ಮೇಜಿನ ಹಲಗೆಯಲ್ಲಿ ಓಡಿ ಬಂದು ಮೇಸ್ತ್ರಿಯ ಅಂಗೈಗೆ ತಾಗಿತು. ಅವನು ಕೈ ತೆಗೆದುಕೊಂಡ.

"ಹೌದು ಸಾರ್" ಎಂದು ಅಧ್ಯಕ್ಷರಿಗೆ ಹೇಳಿದ. "ನಾನೇ ಮುಚ್ಚಿಟ್ಟಿದ್ದು." ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟ. ಈ ಸಲ ಅದನ್ನು ಯಾರೂ ಎತ್ತಿ ಅವನ ಜೇಬಿಗೆ ಸಿಕ್ಕಿಸಲಿಲ್ಲ.

ಈಗ ಅವನು ಮನೆಯಲ್ಲೇ ಹೊಲಿಗೆ ಮಿಷನ್ನುಗಳ ರಿಪೇರಿ ಮಾಡುತ್ತಾನೆ. ಅದಕ್ಕೆ ಸ್ಕ್ರೂಡ್ರೈವರ್ ಕಚ್ಚುವ ಅಗತ್ಯವಿಲ್ಲ, ಬೆರಳಿಟ್ಟರೆ ಸಾಕು. ದೊಡ್ಡಬಾಯಿ ಒಮ್ಮೆ ಟೈರಿನವನ ಕೈಲಿ ಹೇಳಿ ಕಳಿಸಿದ್ದ, ಗುಜರಿ ಅಂಗಡಿಯ ಗೇಟಿನಲ್ಲಿ ಕೂರುವ ಕೆಲಸವಿದೆ ಬೇಕಾದರೆ ಬರಲಿ ಅಂತ. ಮೇಸ್ತ್ರಿಗೆ ಅದು ಕೇಳಿಸಲಿಲ್ಲ ಎಂದು ಹೇಳಿ ಹೆಂಡತಿ ಬಾಗಿಲು ಹಾಕಿದಳು. ಗುಜರಿ ಟೀಮು ಮತ್ತೆ ಗೆಲ್ಲಲಿಲ್ಲ. ದೊಡ್ಡಬಾಯಿ ಈಗಲೂ ಮೈಕು ಸಿಕ್ಕಲ್ಲೆಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನುತ್ತಾನಂತೆ. ಅನ್ನಲಿ. ಜನ ಈಗಲೂ ಚಪ್ಪಾಳೆ ಹೊಡೆಯುತ್ತಾರೆ.

ವಿಚಾರಣೆ ಮುಗಿಸಿಕೊಂಡು ಬಂದ ದಿನ ಹೆಂಡತಿ ಹೊಲಿಯುತ್ತಾ ಕೂತಿದ್ದಳು. ನಡೆದದ್ದನ್ನೆಲ್ಲ ಅವನು ಹೇಳಿದ. ಅವಳು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಮೊದಲನೇ ಸಲವೇ ನಿಮಗೆ ಅರ್ಥ ಆಗಿತ್ತು ಅಲ್ವಾ?"

"ಆಗಿತ್ತು."

"ಮತ್ತೆ ಯಾಕೆ ಅಷ್ಟು ಕೂಗಿಸಿದ್ರಿ?"

ಮೇಸ್ತ್ರಿ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ದಾರದ ಉಂಡೆಗಳ ನಡುವೆ ಇಟ್ಟು, ಡ್ರಾಯರ್ ಮುಚ್ಚಿದ.

"ಹೇಳಿದವರಿಗೇ ಕೇಳಿಸ್ಲಿ ಅಂತ" ಅಂದ.